ಬಚ್ಚಲ ಗೋಡೆಯ ಒಡಕು ಮುಚ್ಚುವುದು: ಮೊದಲ ಸಲ ಥಾಪಿ ಹಿಡಿಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಹಳೆ ಪೈಪ್ ಬದಲಿಸಲು ಬಚ್ಚಲ ಗೋಡೆ ಒಡೆಸಿದ್ದೀರಿ. ಪ್ಲಂಬರ್ ಪೈಪ್ ಕೂರಿಸಿ ಹೋದ. ಗೌಂಡಿಗೆ ಫೋನ್ ಮಾಡಿದರೆ "ಅಷ್ಟ್ ಸಣ್ಣ ಕೆಲಸಕ್ಕ ಯಾರ್ ಬರ್ತಾರ್ರೀ" ಅಂದ. ಸರಿ, ನಾವೇ ಮುಚ್ಚೋಣ ಅಂತ ಸಿಮೆಂಟ್ ಕಲಸಿ ಮೆತ್ತಿದಿರಿ. ನೋಡಲು ಚೆನ್ನಾಗೇ ಇತ್ತು. ನಾಲ್ಕನೇ ದಿನ ಬೆರಳ ಗೆಣ್ಣಿನಿಂದ ತಟ್ಟಿದರೆ ಡಬ್ ಡಬ್ ಅನ್ನುತ್ತದೆ.

ಕಲಬುರಗಿಯಲ್ಲಿ ನಾನು ಹಾಕಿದ ಮೊದಲ ತೇಪೆಗೂ ಇದೇ ಗತಿ ಆಯಿತು. ಮೇ ತಿಂಗಳು, ಮಟಮಟ ಮಧ್ಯಾಹ್ನ. ಐದನೇ ದಿನ ಇಡೀ ತೇಪೆ ಹಂಚಿನ ಮೇಲಿನ ಜೋಳದ ರೊಟ್ಟಿಯ ಹಾಗೆ ಎದ್ದು ಕೈಗೇ ಬಂತು. ಅದನ್ನು ತಿರುಗಿಸಿ ನೋಡಿದೆ. ಹಿಂಬದಿಯ ತುಂಬ ಇಟ್ಟಿಗೆಯ ಕೆಂಪು ಪುಡಿ ತೆಳ್ಳಗೆ ಅಂಟಿತ್ತು. ಮಾಲು (ಕಲಸಿದ ಸಿಮೆಂಟ್ ಉಸುಕು) ಹಿಡಿದದ್ದು ಪುಡಿಯನ್ನು, ಗೋಡೆಯನ್ನಲ್ಲ.

ಮಾಲು ಹಚ್ಚುವ ಕೆಲಸ ಹೆಚ್ಚೆಂದರೆ ಒಂದೆರಡು ಗಂಟೆಯದು. ಅದಕ್ಕೂ ಮುಂಚೆ ಎರಡು ದಿನದ ಕೆಲಸ ಇದೆ, ಆಮೇಲೆ ಹತ್ತು ದಿನದ್ದು ಇದೆ. ಕೆಡುವುದೆಲ್ಲ ಆ ಹನ್ನೆರಡು ದಿನಗಳಲ್ಲೇ.

ಇಲ್ಲಿ ಹೇಳುವುದು ಇಟ್ಟಿಗೆ, ಕಲ್ಲು ಅಥವಾ ಬ್ಲಾಕ್ ಗೋಡೆಯ ಸಿಮೆಂಟ್ ಗಿಲಾವಿನ (ಪ್ಲಾಸ್ಟರಿನ) ಬಗ್ಗೆ. ನಮ್ಮ ಕಡೆ ಹೆಚ್ಚಿನ ಬಚ್ಚಲುಗಳು ಇವೇ. ಫಾಲ್ಸ್ ಸೀಲಿಂಗ್‌ನ ಅಥವಾ ಪಾರ್ಟಿಶನ್‌ನ ಜಿಪ್ಸಮ್ ಬೋರ್ಡ್ ಒಡೆದಿದ್ದರೆ ವಿಧಾನವೇ ಬೇರೆ. ಅದು ಕೊನೆಯ ಕಡೆಗಿದೆ. ಯಾವುದು ಅಂತ ಗೊತ್ತಾಗದಿದ್ದರೆ ಮೊಳೆಯಿಂದ ಒತ್ತಿ ನೋಡಿ. ಮೊಳೆ ಸಲೀಸಾಗಿ ಒಳಗೆ ಹೋಗಿ, ಕಾಗದ ಹರಿದು, ಬಿಳಿ ಪುಡಿ ಉದುರಿದರೆ ಅದು ಜಿಪ್ಸಮ್ ಬೋರ್ಡ್.

ಕೈ ಹಾಕಬಾರದ ಗೋಡೆಗಳು

ಒಡಕು ಕಂಡ ಕೂಡಲೇ ಮುಚ್ಚಲು ಹೋಗಬೇಡಿ. ಕೆಲವು ಒಡಕುಗಳು ಏನೋ ಹೇಳುತ್ತಿರುತ್ತವೆ.

ಬಾಗಿಲ ಅಥವಾ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋದ ಬಿರುಕು ಇದ್ದರೆ ನಿಲ್ಲಿ. ಕಲಬುರಗಿ, ಯಾದಗಿರಿ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಪಾಯ ಆಳಕ್ಕಿಲ್ಲದ ಮನೆ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಅಂಥ ಬಿರುಕಿಗೆ ಎಷ್ಟು ಸಿಮೆಂಟ್ ತುಂಬಿದರೂ ಮುಂದಿನ ಬೇಸಿಗೆಗೆ ಮತ್ತೆ ಬಾಯಿ ಬಿಡುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಗೆರೆ ದಾಟಿ ಬೆಳೆದರೆ, ಅಥವಾ ಬಿರುಕಿನೊಳಗೆ ಐದು ರೂಪಾಯಿ ನಾಣ್ಯ ನಿಲ್ಲುವಷ್ಟು ಜಾಗ ಇದ್ದರೆ, ಎಂಜಿನಿಯರ್‌ಗೆ ತೋರಿಸಿ.

ಹಳೆ ಮನೆಗಳ ಮಣ್ಣು ಅಥವಾ ಸುಣ್ಣದ ಗಾರೆಯ ಕಲ್ಲುಗೋಡೆಗೂ ಇದೇ ಎಚ್ಚರಿಕೆ. ಮೆತ್ತಗಿನ ಗಾರೆಯ ಮೇಲೆ ಗಟ್ಟಿ ಸಿಮೆಂಟ್ ಕೂರಿಸಿದರೆ ಅದು ಹಿಂದಿನ ಪದರವನ್ನೂ ಕಿತ್ತುಕೊಂಡು ಬೀಳುತ್ತದೆ. ಮೇಲಾಗಿ ಗೋಡೆಯೊಳಗಿನ ತೇವಕ್ಕೆ ಹೊರಬರಲು ದಾರಿ ಇರುವುದಿಲ್ಲ. ಇದು ಸುಣ್ಣದ ಕೆಲಸ ಬಲ್ಲವರಿಗೆ ಬಿಡಬೇಕಾದ್ದು.

ತೊಲೆ ಅಥವಾ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಕಾಣುತ್ತಿದ್ದರೂ ಅಷ್ಟೇ. ಅದು ತೇಪೆಯ ಕೆಲಸ ಅಲ್ಲ.

ಬೇಕಾಗುವ ಸಾಮಾನು

ಥಾಪಿ (ಕರಣೆ) ಒಂದು. ಗಿಲಾವು ತಿಕ್ಕುವ ಮರದ ಹಲಗೆ ಒಂದು. ಎರಡು ಅಡಿಯ ಅಲ್ಯೂಮಿನಿಯಂ ಪಟ್ಟಿ, ಸುತ್ತಿಗೆ, ಚಪ್ಪಟೆ ಉಳಿ, ತಂತಿ ಬ್ರಷ್, ಹಳೆಯ ನಾಲ್ಕು ಇಂಚಿನ ಪೇಂಟ್ ಬ್ರಷ್, ನೀರು ಸಿಂಪಡಿಸುವ ಬಾಟಲಿ, ಮಟ್ಟ ನೋಡುವ ಒಂದು ಲೆವೆಲ್. ಕಲಸಲು ಕಬ್ಬಿಣದ ಬುಟ್ಟಿ. ಅಳೆಯಲು ಬಚ್ಚಲಿನ ಪ್ಲಾಸ್ಟಿಕ್ ಮಗ್ ಸಾಕು. ಆಮೇಲೆ ಅದನ್ನು ಜಳಕಕ್ಕೆ ತೆಗೆದುಕೊಳ್ಳಬೇಡಿ, ಅಷ್ಟೇ.

ಕನ್ನಡಕ, ಮಾಸ್ಕ್, ರಬ್ಬರ್ ಕೈಗವಸು ಖಂಡಿತ ಬೇಕು. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಗೊತ್ತಾಗುವುದು ರಾತ್ರಿಗೆ. ಗೋಡೆ ಕೊರೆಯುವಾಗ ಏಳುವ ಧೂಳು ಅದಕ್ಕಿಂತ ಕೆಟ್ಟದ್ದು, ಪುಪ್ಪುಸದಲ್ಲೇ ಉಳಿಯುತ್ತದೆ.

ಸಿಮೆಂಟ್: ವಾಡಿ, ಸೇಡಂ ಕಡೆಯ ಕಾರ್ಖಾನೆಗಳು ನಮ್ಮ ಜಿಲ್ಲೆಯಲ್ಲೇ ಇವೆ. ಹಾಗಾಗಿ ಹಳೆ ಚೀಲ ತಗೊಳ್ಳುವ ಅಗತ್ಯವೇ ಇಲ್ಲ. ಚೀಲದ ಮೇಲೆ ಯಾವ ವಾರ, ಯಾವ ವರ್ಷ ಅಂತ ಅಚ್ಚು ಹಾಕಿರುತ್ತಾರೆ. ಮೂರು ತಿಂಗಳು ದಾಟಿದ್ದರೆ ಬೇಡ. ಬಿಡಿಯಾಗಿ ನಾಲ್ಕೈದು ಕಿಲೋ ಕೊಳ್ಳುವಾಗ ಕೈ ಹಾಕಿ ನೋಡಿ. ಬೆರಳಲ್ಲಿ ಒಡೆಯದ ಗಂಟು ಸಿಕ್ಕರೆ ಅದು ಆಗಲೇ ತೇವ ಕುಡಿದಿದೆ.

ಉಸುಕು: ಹೊಳೆ ಉಸುಕಾದರೂ ಸರಿ, ಪ್ಲಾಸ್ಟರಿಂಗ್ ಎಂ ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಉಸುಕು) ಆದರೂ ಸರಿ, ಜರಡಿ ಹಿಡಿದೇ ಬಳಸಿ. ಕಾಂಕ್ರೀಟಿಗೆ ತರುವ ದಪ್ಪ ಎಂ ಸ್ಯಾಂಡ್ ಬೇಡ, ತಿಕ್ಕುವಾಗ ಗೆರೆ ಗೆರೆ ಬೀಳುತ್ತದೆ. ಉಸುಕಿನಲ್ಲಿ ಮಣ್ಣು ಎಷ್ಟಿದೆ ಅಂತ ನೋಡಲು ಗಾಜಿನ ಬಾಟಲಿಗೆ ಅರ್ಧ ಉಸುಕು, ಮುಕ್ಕಾಲು ಮಟ್ಟದವರೆಗೆ ನೀರು, ಒಂದು ಚಮಚ ಉಪ್ಪು ಹಾಕಿ ಚೆನ್ನಾಗಿ ಅಲುಗಾಡಿಸಿ ಮೂರು ತಾಸು ಬಿಡಿ. ಉಸುಕಿನ ಮೇಲೆ ಮಣ್ಣಿನ ಪದರ ಬೇರೆಯಾಗಿ ಕೂರುತ್ತದೆ. ಅದು ಉಸುಕಿನ ಎತ್ತರದ ಶೇ. 8ಕ್ಕಿಂತ ಜಾಸ್ತಿ ಇದ್ದರೆ ತೊಳೆಯಿರಿ, ಇಲ್ಲವೇ ಬದಲಿಸಿ. ಪರೀಕ್ಷೆ ಮಾಡಿದ ಉಸುಕನ್ನು ಚೆಲ್ಲಿಬಿಡಿ, ಅದರಲ್ಲಿ ಉಪ್ಪಿದೆ.

ನೀರು: ಕುಡಿಯುವಂಥದ್ದೇ ಆಗಲಿ. ಬಕೆಟ್ ಅಂಚಿಗೆ ಬಿಳಿ ಕರೆ ಕಟ್ಟುವ ಸವಳು ಬೋರ್‌ವೆಲ್ ನೀರು ಬಳಸಿದರೆ ಅದೇ ಉಪ್ಪು ನಾಳೆ ಗೋಡೆಯ ಮೇಲೆ ಅರಳುತ್ತದೆ. ಕಲಸಲು ಬೇಕಿರುವುದು ಅರ್ಧ ಬಕೆಟ್ ನೀರು. ನಲ್ಲಿ ನೀರು ಬಂದ ದಿನ ಹಿಡಿದಿಡಿ.

ಹಂತ 1: ಕರೆಂಟ್ ತೆಗೆಯಿರಿ, ಟೊಳ್ಳು ಹುಡುಕಿ

ಬಚ್ಚಲ ಗೋಡೆಯಲ್ಲಿ ಗೀಸರ್‌ನ ವೈರು ಎಲ್ಲಿ ಹಾದುಹೋಗಿದೆ ಅಂತ ಮನೆ ಕಟ್ಟಿಸಿದವರಿಗೂ ನೆನಪಿರುವುದಿಲ್ಲ. ಬಚ್ಚಲಿನ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್) ಇಳಿಸಿ, ಪಾಯಿಂಟಿಗೆ ಟೆಸ್ಟರ್ ಹಿಡಿದು ಖಾತ್ರಿ ಮಾಡಿಕೊಳ್ಳಿ. ಉಳಿ ಎತ್ತುವುದು ಆಮೇಲೆ.

ಈಗ ಒಡಕಿನ ಸುತ್ತ ಒಂದು ಅಡಿಯವರೆಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಕ್ ಟಕ್, ಬಿಟ್ಟಲ್ಲಿ ಡಬ್ ಡಬ್. ಡಬ್ ಅಂದ ಜಾಗಕ್ಕೆಲ್ಲ ಪೆನ್ಸಿಲ್ ಗೆರೆ ಹಾಕಿ. ಅಷ್ಟನ್ನೂ ಕೆಡವಬೇಕು. "ಅಯ್ಯೋ, ದೊಡ್ಡದಾಗ್ತದಲ್ಲ" ಅನ್ನಿಸುತ್ತದೆ. ಆಗಲಿ ಬಿಡಿ. ಟೊಳ್ಳು ಗಿಲಾವಿನ ಅಂಚಿಗೆ ಹೊಸ ಮಾಲು ಸೇರಿಸಿದರೆ ಎರಡೂ ಒಟ್ಟಿಗೇ ಬೀಳುತ್ತವೆ.

ಪೈಪಿಗಾಗಿ ಇನ್ನೂ ಕೊರೆಯಬೇಕಿದ್ದರೆ ಒಂದು ಲೆಕ್ಕ ನೆನಪಿಡಿ. ಮೇಲಿಂದ ಕೆಳಗೆ ಹೋಗುವ ಕಾಲುವೆಯ ಆಳ ಗೋಡೆ ದಪ್ಪದ ಮೂರನೇ ಒಂದು ಭಾಗ ಮೀರಬಾರದು. ಅಡ್ಡ ಹೋಗುವುದು ಆರನೇ ಒಂದು ಭಾಗ ಮೀರಬಾರದು. 9 ಇಂಚಿನ ಗೋಡೆಯಲ್ಲಿ ಉದ್ದಕ್ಕೆ 3 ಇಂಚು, ಅಡ್ಡಕ್ಕೆ ಒಂದೂವರೆ ಇಂಚು. ನಾಲ್ಕೂವರೆ ಇಂಚಿನ ತೆಳು ಗೋಡೆಯಲ್ಲಿ ಅಡ್ಡ ಕಾಲುವೆ ತೆಗೆಯಲೇಬೇಡಿ, ಮುಕ್ಕಾಲು ಇಂಚಿನಲ್ಲಿ ಪೈಪ್ ಸರಿಯಾಗಿ ಕೂರುವುದಿಲ್ಲ.

ಅಂಚನ್ನು ನೇರವಾಗಿ ಕತ್ತರಿಸಿ. ಹರಿದ ರೊಟ್ಟಿಯ ಹಾಗೆ ಅಂಕುಡೊಂಕು ಇದ್ದರೆ ತುದಿಯ ತೆಳು ಪದರ ಮೊದಲು ಒಣಗಿ ಬಿರುಕು ಬಿಡುತ್ತದೆ. ಆದಷ್ಟು ಅಂಚನ್ನು ಒಳಮುಖವಾಗಿ ಕೆತ್ತಿ. ಬಾಯಿ ಕಿರಿದು, ಹೊಟ್ಟೆ ಅಗಲ. ಆಗ ಮಾಲು ಒಳಗೆ ಸಿಕ್ಕಿಕೊಳ್ಳುತ್ತದೆ.

ಹಂತ 2: ಪೈಪ್ ಸೋರುತ್ತಿಲ್ಲ ಅಂತ ಕಣ್ಣಾರೆ ನೋಡಿ

ಎಲ್ಲರೂ ಹಾರಿಸುವ ಹಂತ ಇದು. ಮುಚ್ಚಿದ ಮೇಲೆ ಸೋರಿಕೆ ಕಂಡರೆ ಟೈಲ್ಸ್ ಸಮೇತ ಒಡೆಯಬೇಕಾಗುತ್ತದೆ.

ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪಿನ ಅಂಟು ಒಣಗಲು ಒಂದು ದಿನ ಬಿಡಿ. ನಲ್ಲಿ ಬರುವ ಕಡೆಗೆಲ್ಲ ಡಮ್ಮಿ ಪ್ಲಗ್ ಬಿಗಿಯಿರಿ. ಪ್ಲಂಬರ್ ಹತ್ತಿರ ಪ್ರೆಶರ್ ಪಂಪ್ ಇದ್ದರೆ ಅದರಲ್ಲೇ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಹೀಗೆ ಮಾಡಿ. ಪ್ರತಿ ಜಾಯಿಂಟನ್ನೂ ಒಣ ಬಟ್ಟೆಯಿಂದ ಒರೆಸಿ, ಅದರ ಕೆಳಗೆ ಪೇಪರಿನ ತುಂಡು ಸಿಕ್ಕಿಸಿ, ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದು 24 ತಾಸು ಬಿಡಿ. ಸಣ್ಣ ಸೋರಿಕೆ ಕಣ್ಣಿಗೆ ಕಾಣದಿದ್ದರೂ ಪೇಪರ್ ಸುಕ್ಕುಗಟ್ಟಿ ಹೇಳುತ್ತದೆ. ಒಂದು ಮಾತು: ಟ್ಯಾಂಕ್ ನಿಮ್ಮ ನಲ್ಲಿಗಿಂತ ಮೂರು ಮೀಟರ್ ಮೇಲಿದ್ದರೆ ಒತ್ತಡ ಸಿಗುವುದು ಬರೀ 0.3 ಬಾರ್. ಮನೆಗೆ ಪ್ರೆಶರ್ ಮೋಟರ್ ಕೂರಿಸುವ ಯೋಚನೆ ಇದ್ದರೆ ಈ ಪರೀಕ್ಷೆ ಸಾಲದು, ಪಂಪಿನಲ್ಲೇ ನೋಡಿಸಬೇಕು.

ಇದೇ ಹೊತ್ತಿನಲ್ಲಿ ನಲ್ಲಿ ಕೂರುವ ಎಲ್ಬೋ (ಪೈಪಿನ ತಿರುವಿನ ತುಂಡು) ಎಷ್ಟು ಹೊರಗಿದೆ ಅಂತ ಅಳೆಯಿರಿ. ಮುಂದೆ ಅದರ ಮೇಲೆ ಗಿಲಾವು 12 ಮಿಮೀ, ಅಂಟು 4 ಮಿಮೀ, ಟೈಲ್ಸ್ 8 ಮಿಮೀ ಬರುತ್ತದೆ. ಒಟ್ಟು ಒಂದು ಇಂಚಿನ ಹತ್ತಿರ. ಎಲ್ಬೋದ ಬಾಯಿ ಟೈಲ್ಸಿನ ಮಟ್ಟಕ್ಕೆ ಇರಬೇಕು. ಬರೀ ಇಟ್ಟಿಗೆಯ ಮಟ್ಟ ನೋಡಿ ಕೂರಿಸಿದರೆ ಆಮೇಲೆ ನಲ್ಲಿಯ ಚೂಡಿ (ತಿರುಪಿನ ಎಳೆ) ತಲುಪುವುದಿಲ್ಲ, ಉದ್ದನೆಯ ನಿಪ್ಪಲ್ (ಜೋಡಿಸುವ ತುಂಡು) ಹಾಕಿ ಸುಧಾರಿಸಬೇಕಾಗುತ್ತದೆ. ಬಿಸಿ ಮತ್ತು ತಣ್ಣೀರಿನ ಎರಡು ಬಾಯಿಗಳ ಮೇಲೆ ಲೆವೆಲ್ ಇಟ್ಟು ನೋಡಿ. ಪೈಪ್ ಕೈಯಲ್ಲಿ ಅಲುಗಾಡುತ್ತಿದ್ದರೆ ಕ್ಲಾಂಪ್ ಹಾಕಿಸಿ. ಅಲುಗಾಡುವ ಪೈಪಿನ ಮೇಲಿನ ಗಿಲಾವು ನಲ್ಲಿ ತಿರುಗಿಸಿದಾಗಲೆಲ್ಲ ಒಳಗೊಳಗೇ ಸೀಳುತ್ತದೆ.

ಹಂತ 3: ಧೂಳು ತೆಗೆಯಿರಿ, ಗೋಡೆಗೆ ನೀರು ಕುಡಿಸಿ

ತಂತಿ ಬ್ರಷ್‌ನಿಂದ ಉಜ್ಜಿ. ಆಮೇಲೆ ಪೇಂಟ್ ಬ್ರಷ್‌ನಿಂದ ಮೂಲೆ ಮೂಲೆಯ ಪುಡಿ ಗುಡಿಸಿ. ಎಣ್ಣೆ, ಸಾಬೂನು, ಹಳೆ ಪೇಂಟ್, ಬಿಳಿ ಉಪ್ಪು ಏನೂ ಉಳಿಯಬಾರದು. ಅಂಗೈಯಿಂದ ಒರೆಸಿ ನೋಡಿ, ಕೈಗೆ ಪುಡಿ ಹತ್ತಬಾರದು.

ಇನ್ನು ನೀರು. ನನ್ನ ತೇಪೆ ಬಿದ್ದದ್ದನ್ನು ನೋಡಿದ ಪಕ್ಕದ ಮನೆಯ ಗೌಂಡಿ ಕಾಕಾ ಹೇಳಿದ್ದು ಇಷ್ಟೇ: "ಮೊದ್ಲ ಗ್ವಾಡಿಗಿ ನೀರ್ ಕುಡಸ್ರಿ. ಅದಕ್ಕ ನೀರಡಿಕಿ ಇದ್ರ ನಿಮ್ ಮಾಲಿನ ನೀರೇ ಕುಡೀತದ." ಸಿಮೆಂಟ್ ಗಟ್ಟಿಯಾಗಲು ನೀರು ಬೇಕು. ಒಣ ಇಟ್ಟಿಗೆ ಆ ನೀರನ್ನು ಹತ್ತೇ ನಿಮಿಷದಲ್ಲಿ ಎಳೆದುಕೊಳ್ಳುತ್ತದೆ. ಉಳಿಯುವುದು ಬೂದಿಯಂಥ ಪದರ.

ಹಿಂದಿನ ರಾತ್ರಿ ಒಮ್ಮೆ ಚೆನ್ನಾಗಿ ನೆನೆಸಿ. ಬೆಳಿಗ್ಗೆ ಮತ್ತೆ ಎರಡು ಮೂರು ಸಲ. ಮಾಲು ಹಚ್ಚುವ ಹೊತ್ತಿಗೆ ಗೋಡೆ ಒಳಗೆ ಹಸಿ, ಮೇಲೆ ನೀರಿನ ಹೊಳಪಿಲ್ಲ, ಈ ಹದಕ್ಕೆ ಬರಬೇಕು. ನೀರು ಇಳಿಯುತ್ತಿರುವ ಗೋಡೆಗೆ ಹಚ್ಚಿದರೂ ಮಾಲು ಜಾರುತ್ತದೆ.

ಬೀದರಿನವರಿಗೆ ಒಂದು ಮಾತು. ನಿಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು ರಂಧ್ರಗಳ ಗೂಡು. ಚೆನ್ನಾಗಿ ನೀರು ಕುಡಿಯುತ್ತದೆ. ನೆನೆಸಿ ಐದು ನಿಮಿಷಕ್ಕೆ ಬಣ್ಣ ತಿಳಿಯಾದರೆ ಇನ್ನೂ ಕುಡಿಸಬೇಕು ಅಂತ ಅರ್ಥ. ಇದಕ್ಕೆ ತದ್ವಿರುದ್ಧ, ಯಾದಗಿರಿ ಕಡೆಯ ಕರಿಕಲ್ಲಿನ ಗೋಡೆ. ಅದು ನೀರು ಕುಡಿಯುವುದೇ ಇಲ್ಲ, ಮೇಲ್ಮೈಯೂ ನುಣುಪು. ಅದಕ್ಕೆ ಉಳಿಯಿಂದ ಕಚ್ಚು ಹಾಕಿ ಒರಟು ಮಾಡಬೇಕು.

ಹಂತ 4: ಸಿಮೆಂಟ್ ಹಾಲು ಬಳಿಯಿರಿ

ಸಿಮೆಂಟಿಗೆ ನೀರು ಬೆರೆಸಿ ಅಂಬಲಿಯ ಹದಕ್ಕೆ ಕಲಸಿ, ಬ್ರಷ್‌ನಿಂದ ಒಡಕಿನ ಒಳಗೆ ಮತ್ತು ಹಳೆ ಗಿಲಾವಿನ ಅಂಚಿಗೆ ತಿಕ್ಕಿ ತಿಕ್ಕಿ ಬಳಿಯಿರಿ. ಬಚ್ಚಲಿಗಾದರೆ ಬರೀ ನೀರಿನ ಬದಲು ಎಸ್‌ಬಿಆರ್ ಲೇಟೆಕ್ಸ್ (ಹಿಡಿತ ಹೆಚ್ಚಿಸುವ ಬಿಳಿ ದ್ರವ) ಬೆರೆಸಿದ ನೀರು ಬಳಸುವುದು ಒಳ್ಳೆಯದು. ಪೇಂಟಿನ ಅಂಗಡಿಯಲ್ಲಿ ಸಣ್ಣ ಡಬ್ಬಿ ಸಿಗುತ್ತದೆ. ಪ್ರಮಾಣ ಡಬ್ಬಿಯ ಮೇಲಿದ್ದ ಹಾಗೆ.

ತಪ್ಪಾಗುವುದು ಇಲ್ಲಿ. ಹಾಲು ಬಳಿದು ಚಹಾ ಕುಡಿಯಲು ಹೋಗುತ್ತಾರೆ. ಬರುವಷ್ಟರಲ್ಲಿ ಅದು ಒಣಗಿರುತ್ತದೆ. ಒಣಗಿದ ಹಾಲು ಹಿಡಿಸುವುದಿಲ್ಲ, ಬಿಡಿಸುತ್ತದೆ. ಬೆರಳಿಗೆ ಅಂಟುವಾಗಲೇ ಮಾಲು ಬೀಳಬೇಕು. ಹಾಗಾಗಿ ಮಾಲನ್ನು ಒಣದಾಗಿ ಮೊದಲೇ ಬೆರೆಸಿಟ್ಟುಕೊಂಡು ಆಮೇಲೆ ಹಾಲು ಬಳಿಯಿರಿ.

ಹಂತ 5: ಮಾಲು ಕಲಸುವುದು

ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಉಸುಕು. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿಯಾಗುತ್ತದೆ ಅನ್ನುವ ನಂಬಿಕೆಯಿಂದ ಹಾಳಾದ ಗೋಡೆಗಳಿಗೆ ಲೆಕ್ಕವಿಲ್ಲ. ಸಿಮೆಂಟ್ ಜಾಸ್ತಿಯಾದಷ್ಟೂ ಒಣಗುವಾಗ ಕುಗ್ಗುವುದು ಜಾಸ್ತಿ, ಬಿರುಕೂ ಜಾಸ್ತಿ.

ಗೀಸರ್ ಲೈನಿನ ಕಾಲುವೆ ನಾಲ್ಕು ಅಡಿ ಉದ್ದ, 3 ಇಂಚು ಅಗಲ, 2 ಇಂಚು ಆಳ ಇದೆ ಅಂದುಕೊಳ್ಳಿ. ಅದರ ಹೊಟ್ಟೆಗೆ ಸುಮಾರು ನಾಲ್ಕೂವರೆ ಲೀಟರ್ ಮಾಲು ಹಿಡಿಯುತ್ತದೆ. ಪೂರ್ತಿ ಒಂದೇ ಸಲ ಕಲಸಬೇಡಿ. ಅರ್ಧ ಮಗ್ ಸಿಮೆಂಟ್, ಎರಡು ಮಗ್ ಉಸುಕು, ಹೀಗೆ ಅರ್ಧರ್ಧ ಕಲಸಿ. ಮೊದಲು ಒಣದಾಗಿಯೇ ಬಣ್ಣ ಒಂದಾಗುವವರೆಗೆ ತಿರುವಿ. ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಹದ ಹೇಗಿರಬೇಕು ಅಂದರೆ, ಜೋಳದ ರೊಟ್ಟಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ. ಥಾಪಿಯಲ್ಲಿ ಎತ್ತಿ ಓರೆ ಮಾಡಿದರೆ ತಕ್ಷಣ ಜಾರಬಾರದು, ಒಮ್ಮೆ ಕೊಡವಿದರೆ ಪೂರ್ತಿ ಬೀಳಬೇಕು.

ಕಲಸಿದ್ದನ್ನು ಅರ್ಧ ತಾಸಿನೊಳಗೆ ಮುಗಿಸಿ. ಬುಟ್ಟಿಯಲ್ಲೇ ಬಿಗಿಯಾಗತೊಡಗಿದ ಮಾಲಿಗೆ ಮತ್ತೆ ನೀರು ಬೆರೆಸಿ ಮೆತ್ತಗೆ ಮಾಡುವುದು ದೊಡ್ಡ ತಪ್ಪು. ಮೆತ್ತಗಾದಂತೆ ಕಾಣುತ್ತದೆ, ಶಕ್ತಿ ಹೋಗಿರುತ್ತದೆ. ಚೆಲ್ಲಿಬಿಡಿ. ಹತ್ತು ರೂಪಾಯಿ ಸಿಮೆಂಟಿಗೆ ಜೀವ ಹಿಡಿಯಬೇಡಿ.

ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕೆಲಸ ಸಂಜೆಗೆ ಇಟ್ಟುಕೊಳ್ಳಿ. ಕಿಟಕಿ ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಆರಿಸಿ. ಬಿಸಿಗಾಳಿ ಬಡಿದರೆ ಮೇಲ್ಪದರ ಒಣಗಿ ಒಳಗೆ ಹಸಿಯಾಗೇ ಇರುತ್ತದೆ.

ಹಂತ 6: ತುಂಬುವುದು

ಥಾಪಿಯಿಂದ ಮಾಲನ್ನು ಒಳಗೆ ಬಡಿದು ಒತ್ತಿ. ಸುಮ್ನೆ ಮೇಲೆ ಮೆತ್ತಿದರೆ ಪೈಪಿನ ಹಿಂದೆ ಗಾಳಿ ಉಳಿಯುತ್ತದೆ. ಮೊದಲು ಪೈಪಿನ ಎರಡೂ ಪಕ್ಕ, ಆಮೇಲೆ ಮೇಲೆ. 2 ಇಂಚು ಆಳವನ್ನು ಒಂದೇ ಸಲ ತುಂಬಿದರೆ ತನ್ನ ಭಾರಕ್ಕೇ ಜೋತು ಬೀಳುತ್ತದೆ. ಒಂದು ಸಲಕ್ಕೆ 15 ಮಿಮೀ ಹತ್ತಿರ ಸಾಕು. ಆಳ ಜಾಸ್ತಿ ಇದ್ದಲ್ಲಿ ನೆನೆಸಿದ ಇಟ್ಟಿಗೆ ಚೂರುಗಳನ್ನು ಮಾಲಿನೊಳಗೆ ಒತ್ತಿ ಕೂರಿಸಿ.

ಕೆಲವರು ಮಾಲು ಉಳಿಸಲು ಪೇಪರ್, ಸಿಮೆಂಟ್ ಚೀಲದ ತುಂಡು, ಥರ್ಮಾಕೋಲ್ ತುರುಕುತ್ತಾರೆ. ಹಳೆ ಬಚ್ಚಲ ಗೋಡೆ ಒಡೆದಾಗ ನಾನು ಕಂಡ ಅತಿ ವಿಚಿತ್ರ ವಸ್ತು ಒಂದು ಮಡಿಸಿದ ಗುಟ್ಕಾ ಚೀಟಿಯ ಸರ. ಅದರ ಮುಂದಿನ ಗಿಲಾವು ಹಾಳೆಯಂತೆ ತೆಳ್ಳಗಿತ್ತು.

ಕೊನೆಯ ಪದರಕ್ಕೆ 10ರಿಂದ 12 ಮಿಮೀ ಜಾಗ ಬಿಟ್ಟು, ತುಂಬಿದ ಪದರದ ಮೈ ಮೇಲೆ ಥಾಪಿಯ ಮೂಲೆಯಿಂದ ಅಡ್ಡಡ್ಡ ಗೀರು ಹಾಕಿ ಮರುದಿನದವರೆಗೆ ಬಿಡಿ. ಒಳಗಿನ ಪದರ ಕುಗ್ಗುವಷ್ಟು ಕುಗ್ಗಲಿ.

ಹಂತ 7: ಜಾಳಿಗೆ ಮತ್ತು ಮೇಲ್ಪದರ

ತೇಪೆಯ ಸುತ್ತ ಗೆರೆಯಂಥ ಬಿರುಕು ಬರುವುದು ಎಲ್ಲರ ದೂರು. ಹಳೆ ಗಿಲಾವು ಅಲುಗಾಡುವುದಿಲ್ಲ, ಹೊಸದು ಕುಗ್ಗುತ್ತದೆ. ನಡುವೆ ಸೀಳು. ಇದಕ್ಕೆ ಕೋಳಿ ಜಾಳಿಗೆ ಉಪಾಯ. ಕಾಲುವೆಯ ಎರಡೂ ಕಡೆ ಹಳೆ ಗಿಲಾವನ್ನು ನಾಲ್ಕು ಇಂಚು ಅಗಲಕ್ಕೆ ಇಟ್ಟಿಗೆಯವರೆಗೆ ತೆಗೆದು, ಜಾಳಿಗೆಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆಯಿರಿ. ಜೋತಾಡುವ ಜಾಳಿಗೆ ಇದ್ದೂ ಉಪಯೋಗವಿಲ್ಲ. ಇಟ್ಟಿಗೆ ಗೋಡೆ ಕಾಂಕ್ರೀಟ್ ಕಂಬಕ್ಕೆ ಸೇರುವಲ್ಲಿ ಇದು ಬೇಕೇ ಬೇಕು. ಅಂಗೈ ಅಗಲದ ಒಡಕಿಗೆ ಬೇಡ. ಮೊಳೆ ಹೊಡೆಯುವಾಗ ಪೈಪ್ ಎಲ್ಲಿದೆ ಅಂತ ಮರೆಯಬೇಡಿ. ನಗಬೇಡಿ, ಇದು ಆಗುತ್ತದೆ.

ಮತ್ತೆ ನೀರು ಸಿಂಪಡಿಸಿ, ಸಿಮೆಂಟ್ ಹಾಲು ಬಳಿದು, ಕೊನೆಯ ಪದರ ಹಚ್ಚಿ. ಗೋಡೆಯ ಮಟ್ಟಕ್ಕಿಂತ ಒಂದೆರಡು ಮಿಮೀ ಉಬ್ಬಾಗಿಯೇ ಇರಲಿ. ಅಲ್ಯೂಮಿನಿಯಂ ಪಟ್ಟಿಯನ್ನು ಹಳೆ ಗಿಲಾವಿನ ಎರಡೂ ಕಡೆಗೆ ಆನಿಸಿ, ಗರಗಸ ಎಳೆದಂತೆ ಅಲ್ಲಾಡಿಸುತ್ತಾ ಕೆಳಗಿಂದ ಮೇಲಕ್ಕೆ ಎಳೆಯಿರಿ. ಹೆಚ್ಚಿದ್ದು ಬರುತ್ತದೆ, ತಗ್ಗು ಕಾಣುತ್ತದೆ. ತಗ್ಗಿಗೆ ಮಾಲು ಒತ್ತಿ ಮತ್ತೆ ಎಳೆಯಿರಿ.

ಈಗ ಕಾಯಿರಿ. ಹೆಬ್ಬೆರಳಿನಿಂದ ಒತ್ತಿದರೆ ಗುರುತು ಮೂಡಬೇಕು, ಬೆರಳಿಗೆ ಹತ್ತಬಾರದು. ಆಗ ಮರದ ಹಲಗೆಯಿಂದ ಗುಂಡಗೆ ತಿಕ್ಕಿ. ಟೈಲ್ಸ್ ಬರುವ ಜಾಗ ಒರಟಾಗೇ ಇರಲಿ. ಮೇಲೆ ಒಣ ಸಿಮೆಂಟ್ ಎರಚಿ ನುಣ್ಣಗೆ ಉಜ್ಜಬೇಡಿ. ಅಂದ ಕಾಣುತ್ತದೆ, ಆದರೆ ಅದರ ಮೇಲೆ ಟೈಲ್ಸಿನ ಅಂಟು ನಿಲ್ಲುವುದಿಲ್ಲ.

ಹಂತ 8: ಹತ್ತು ದಿನ ನೀರು

ಮರುದಿನದಿಂದ ದಿನಕ್ಕೆ ಮೂರು ನಾಲ್ಕು ಸಲ ನೀರು ಹಾಕಿ, ಕಡಿಮೆ ಎಂದರೆ 7 ದಿನ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದರೆ 10 ದಿನ, ಅದು ನಿಧಾನಕ್ಕೆ ಶಕ್ತಿ ಪಡೆಯುತ್ತದೆ. ಚೀಲದ ಮೇಲೆ ಯಾವುದು ಅಂತ ಬರೆದಿರುತ್ತದೆ. ಬೇಸಿಗೆಯಲ್ಲಿ ಅರ್ಧ ದಿನಕ್ಕೇ ಮೆಲ್ಲಗೆ ಸಿಂಪಡಿಸಲು ಶುರು ಮಾಡಿ. ಪೈಪ್ ಹಿಡಿದು ನೀರು ಹೊಡೆದರೆ ಹಸಿ ಮೈ ಕೊಚ್ಚಿ ಹೋಗುತ್ತದೆ, ಬಾಟಲಿಯಿಂದ ಸಿಂಪಡಿಸಿ. ದಿನವಿಡೀ ಮನೆಯಲ್ಲಿ ಯಾರೂ ಇರದಿದ್ದರೆ ಹಸಿ ಗೋಣಿಚೀಲ ಇಳಿಬಿಟ್ಟು ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಕಟ್ಟಿ ಹೋಗಿ.

ಈ ದಿನಗಳಲ್ಲಿ ಗೋಡೆಯ ಆ ಬದಿಯ ಕೋಣೆಯಲ್ಲಿ ತೇವದ ಕಲೆ ಕಂಡು ಗಾಬರಿಯಾಗುತ್ತಾರೆ. ತೆಳು ಗೋಡೆಯಲ್ಲಿ ಇದು ಸಹಜ. ಕಲೆಯ ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ನೀರು ಹಾಕುವುದು ನಿಲ್ಲಿಸಿದ ಮೇಲೆ ಅದು ಚಿಕ್ಕದಾಗುತ್ತಾ ಹೋಗಬೇಕು. ಗೆರೆ ದಾಟಿದರೆ ಹಂತ 2ರಲ್ಲಿ ಏನೋ ತಪ್ಪಿದೆ, ಪೈಪ್ ನೋಡಿ.

ಮೂರನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ ತಟ್ಟಿ ನೋಡಿ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಡಬ್ ಅಂದರೆ ಬಿಡಿ. ಅಂಗೈಯಷ್ಟು ಅಂದರೆ ಆಗಲೇ ತೆಗೆದು ಮತ್ತೆ ಹಾಕಿ. ಟೈಲ್ಸ್ ಅಂಟಿಸಿದ ಮೇಲೆ ಸರಿ ಹೋದೀತು ಅನ್ನುವುದು ಬರೀ ಆಸೆ.

ಹಂತ 9: ವಾಟರ್‌ಪ್ರೂಫಿಂಗ್, ಆಮೇಲೆ ಟೈಲ್ಸ್

ಸಿಮೆಂಟ್ ಗಿಲಾವು ನೀರು ತಡೆಯುವುದಿಲ್ಲ. ಟೈಲ್ಸಿನ ಸಂದುಗಳೂ ತಡೆಯುವುದಿಲ್ಲ. ತಡೆಯುವುದು ನಡುವಿನ ಲೇಪ. ಪುಡಿ ಮತ್ತು ದ್ರವ ಎರಡನ್ನೂ ಬೆರೆಸಿ ಬಳಿಯುವ ಪಾಲಿಮರ್ ಲೇಪವನ್ನು ಎರಡು ಕೈ ಹಾಕಿ. ಮೊದಲನೆಯದು ಅಡ್ಡ, ಅದು ಒಣಗಿದ ಮೇಲೆ ಎರಡನೆಯದು ಉದ್ದ. ಶವರ್ ಕೆಳಗೆ ಆರು ಅಡಿ ಎತ್ತರದವರೆಗೆ ಬೇಕು. ತೇಪೆಯಷ್ಟಕ್ಕೇ ಬಳಿದರೆ ಸಾಲದು, ಅಂಚಿನಿಂದ ಅರ್ಧ ಅಡಿ ಆಚೆಗೂ ಹೋಗಲಿ. ಗೋಡೆ ನೆಲಕ್ಕೆ ಸೇರುವ ಮೂಲೆಗೆ ಫೈಬರ್ ಜಾಳಿಗೆ ಪಟ್ಟಿಯನ್ನು ಮೊದಲ ಲೇಪದಲ್ಲೇ ಒತ್ತಿ. ನೆಲಕ್ಕೆ ಹಳೆ ಶಹಾಬಾದ್ ಫರಸಿ (ಹಾಸುಗಲ್ಲು) ಇದ್ದರೆ ಆ ಮೂಲೆಯೇ ಸೋರುವ ಜಾಗ, ಫರಸಿಯ ಸಂದಿನ ಸಿಮೆಂಟ್ ವರ್ಷಗಳಲ್ಲಿ ತಿಂದು ಹೋಗಿರುತ್ತದೆ.

ಟೈಲ್ಸಿಗೆ ಟೈಲ್ಸಿನದೇ ಅಂಟು ಬಳಸಿ. ಬರೀ ಸಿಮೆಂಟ್ ಪೇಸ್ಟನ್ನು ನಡುವೆ ಉಂಡೆ ಇಟ್ಟು ಒತ್ತಿದರೆ ನಾಲ್ಕು ಮೂಲೆ ಟೊಳ್ಳು ಉಳಿಯುತ್ತದೆ.

ಟೈಲ್ಸ್ ಬರದೆ ಬಣ್ಣ ಬರುವ ಜಾಗವಾದರೆ ಮೂರು ನಾಲ್ಕು ವಾರ ಒಣಗಲು ಬಿಡಿ. ಒಣಗಿತೋ ಇಲ್ಲವೋ ಅಂತ ನೋಡಲು ಒಂದು ಅಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಒಳಗೆ ಬೆವರು ಕಂಡರೆ ಇನ್ನೂ ಕಾಯಿರಿ. ಪುಟ್ಟಿ ಹಚ್ಚುವುದು ಆಮೇಲೆ, ಅದೂ ಒಂದೂವರೆ ಮಿಮೀ ಮೀರದಂತೆ. ಒಡಕನ್ನೇ ಪುಟ್ಟಿಯಿಂದ ತುಂಬುವುದು, ನೀರು ಬೀಳುವಲ್ಲಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತುವುದು ಎರಡೂ ಬೇಡ. ಪಿಒಪಿ ತೇವ ಕುಡಿದು ಬೆಣ್ಣೆಯಂತೆ ಮೆತ್ತಗಾಗುತ್ತದೆ.

ಜಿಪ್ಸಮ್ ಬೋರ್ಡ್ ಒಡೆದಿದ್ದರೆ

ಮೊದಲು ಯಾಕೆ ಒಡೆಯಿತು ನೋಡಿ. ಎಕ್ಸಾಸ್ಟ್ ಫ್ಯಾನಿಗೆ ಅಂತ ಕತ್ತರಿಸಿದ್ದರೆ ಸರಿ. ಹಳದಿ ಕಲೆ ಬಿದ್ದು ಮೆತ್ತಗಾಗಿ ಒಡೆದಿದ್ದರೆ ಮೇಲಿಂದ ನೀರು ಬರುತ್ತಿದೆ, ತೇಪೆ ಹಾಕಿ ಪ್ರಯೋಜನ ಇಲ್ಲ. ಬಚ್ಚಲಿಗೆ ಹಸಿರು ಕಾಗದದ ತೇವ ತಾಳುವ ಬೋರ್ಡನ್ನೇ ತನ್ನಿ. ತಾಳುತ್ತದೆ ಅಂದರೆ ಹಬೆಯನ್ನು. ಶವರಿನ ನೀರು ನೇರ ಬೀಳುವ ಕಡೆ ಅದೂ ಬೇಡ.

ಒಡಕನ್ನು ಚೌಕಾಕಾರಕ್ಕೆ ಕತ್ತರಿಸಿ. ಅದೇ ದಪ್ಪದ, ಸಾಮಾನ್ಯವಾಗಿ 12.5 ಮಿಮೀ, ಬೋರ್ಡಿನ ತುಂಡನ್ನು ಅಷ್ಟೇ ಅಳತೆಗೆ ಕೊಯ್ಯಿರಿ. ಹಿಂದೆ ಆಧಾರ ಇಲ್ಲದೆ ತುಂಡು ನಿಲ್ಲುವುದಿಲ್ಲ. ಎರಡು ಪಟ್ಟಿ ಪ್ಲೈವುಡ್ಡನ್ನು ಒಳಗೆ ತೂರಿಸಿ, ಹಳೆ ಬೋರ್ಡಿನ ಮೂಲಕ 25 ಮಿಮೀ ಸ್ಕ್ರೂ ಹೊಡೆದು ನಿಲ್ಲಿಸಿ. ಆಮೇಲೆ ಹೊಸ ತುಂಡನ್ನು ಆ ಪಟ್ಟಿಗೆ ಸ್ಕ್ರೂ ಮಾಡಿ. ಸ್ಕ್ರೂ ತಲೆ ಕಾಗದದ ಮಟ್ಟಕ್ಕಿಂತ ಕೂದಲೆಳೆ ಒಳಗೆ ಇರಬೇಕು, ಕಾಗದ ಹರಿಯಬಾರದು. ಹರಿದರೆ ಆ ಸ್ಕ್ರೂಗೆ ಹಿಡಿತ ಇಲ್ಲ, ಪಕ್ಕದಲ್ಲಿ ಇನ್ನೊಂದು ಹಾಕಿ.

ಸಂದುಗಳ ಮೇಲೆ ಜಾಳಿಗೆ ಟೇಪ್ ಅಂಟಿಸಿ. ಟೇಪ್ ಇಲ್ಲದೆ ಬರೀ ಪೇಸ್ಟ್ ತುಂಬಿದರೆ ಸಂದು ಒಂದೇ ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜಾಯಿಂಟ್ ಕಾಂಪೌಂಡನ್ನು ಗಟ್ಟಿ ಮೊಸರಿನ ಹದಕ್ಕೆ ಕಲಸಿ ಮೂರು ಸಲ ತೆಳ್ಳಗೆ ಎಳೆಯಿರಿ. ಪ್ರತಿ ಸಲ ಹಿಂದಿನದಕ್ಕಿಂತ ಎರಡು ಇಂಚು ಅಗಲವಾಗಿ, ನಡುವೆ ಪೂರ್ತಿ ಒಣಗಲು ಬಿಟ್ಟು. ಒಂದೇ ಸಲ ದಪ್ಪಗೆ ಬಳಿದರೆ ಕೆರೆ ತಳದ ಹಾಗೆ ಬಿರಿಯುತ್ತದೆ. ಕೊನೆಗೆ 180 ನಂಬರಿನ ಸ್ಯಾಂಡ್ ಪೇಪರ್‌ನಿಂದ ಮೆಲ್ಲಗೆ ಉಜ್ಜಿ, ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ನೋಡಿ. ನೆರಳು ಬಿದ್ದಲ್ಲಿ ಉಬ್ಬು ಇದೆ. ಪ್ರೈಮರ್ ಬಳಿಯದೆ ಬಣ್ಣ ಹಚ್ಚಬೇಡಿ, ತೇಪೆಯ ಜಾಗ ಬಣ್ಣ ಹೀರಿ ಮಂಕಾಗಿ ಕಾಣುತ್ತದೆ.

ಇಲ್ಲಿ ನೀರು ಹಾಕುವ ಮಾತೇ ಇಲ್ಲ. ಸಿಮೆಂಟ್ ಕೆಲಸ ಮಾಡಿದ ಹುರುಪಿನಲ್ಲಿ ಇದರ ಮೇಲೂ ನೀರು ಸಿಂಪಡಿಸಿದವರನ್ನು ನೋಡಿದ್ದೇನೆ.

ಗೀಸರ್ ತೂಗುಹಾಕುವ ಮುಂಚೆ

15 ಲೀಟರ್ ಗೀಸರ್ ನೀರು ತುಂಬಿದರೆ ನೀರೇ 15 ಕಿಲೋ, ಅದರ ಮೇಲೆ ತನ್ನ ತೂಕ. ಅದರ ಬೋಲ್ಟ್ ಹೊಸ ತೇಪೆಯಲ್ಲಿ ಬರದ ಹಾಗೆ ನೋಡಿಕೊಳ್ಳಿ, ಕಾಲುವೆಯಿಂದ ಕನಿಷ್ಠ ನಾಲ್ಕು ಇಂಚು ಆಚೆ, ಗಟ್ಟಿ ಇಟ್ಟಿಗೆಯಲ್ಲಿ ಬರಲಿ. ಮುಚ್ಚುವ ಮುಂಚೆಯೇ ಪೈಪ್ ಕಾಣುವ ಹಾಗೆ, ಪಕ್ಕದಲ್ಲಿ ಟೇಪ್ ಅಳತೆ ಹಿಡಿದು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟಿರಿ. ಡ್ರಿಲ್ ಹಿಡಿದವನಿಗೆ ಆ ಫೋಟೋ ತೋರಿಸಿ, ಆಮೇಲೆ ಸ್ವಿಚ್ ಒತ್ತಲು ಬಿಡಿ.